ಕಂಪನಿ ತಳಿಯ ಬೀಜ ಉಳಿಸಿಕೊಂಡು ಮಾರಿದರೆ ಕೇಸ್ ಬೀಳುತ್ತಾ?

ಪ್ರಶ್ನೆ (ಭತ್ತದ ರೈತ, ಸಿಂಧನೂರು): ವಕೀಲ್ ಸರ್, ನಮಸ್ಕಾರ. ಹೋದ ವರ್ಷ ಒಂದು ಕಂಪನಿಯ ಭತ್ತದ ಬೀಜ ಬಿತ್ತಿದ್ದೆ. ಹೈಬ್ರಿಡ್ ಅಲ್ಲ. ಬೆಳೆ ಚೆನ್ನಾಗಿ ಬಂತು, ಬಿತ್ತನೆಗೆ ಅಂತ ಸ್ವಲ್ಪ ಎತ್ತಿಟ್ಟಿದ್ದೇನೆ. ಅಕ್ಕಪಕ್ಕದವರು ಬೀಜಕ್ಕೆ ಕೇಳುತ್ತಿದ್ದಾರೆ. ‘ಅದು ಕಂಪನಿ ಹೆಸರಲ್ಲಿ ನೋಂದಣಿ ಆದ ತಳಿ, ಮಾರಿದರೆ ಕೇಸ್ ಹಾಕ್ತಾರೆ’ ಅಂತ ಅಂಗಡಿಯವರು ಹೆದರಿಸುತ್ತಾರೆ. ನಿಜವೇ?

ಉತ್ತರ: ನೀವು ಮಾರಬಹುದು. ನಮ್ಮ ದೇಶದಲ್ಲಿ ಬೀಜಕ್ಕೆ, ತಳಿಗೆ ಪೇಟೆಂಟ್ ಕೊಡುವುದಿಲ್ಲ. ತಳಿ ಅಭಿವೃದ್ಧಿ ಮಾಡಿದವರಿಗೆ ಬೇರೆ ಕಾನೂನೇ ಇದೆ: 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಹೆಸರಿನಲ್ಲೇ ರೈತರ ಹಕ್ಕು ಇದೆ ನೋಡಿ. ನೋಂದಣಿ ಆದ ತಳಿಯಾದರೂ ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಬಹುದು ಎಂದು 39ನೇ ಕಲಂ ಹೇಳುತ್ತದೆ. ಒಂದೇ ಅಡ್ಡಿ: ಬ್ರ್ಯಾಂಡ್ ಮಾಡಿ ಮಾರುವಂತಿಲ್ಲ.

ಪ್ರಶ್ನೆ (ಅದೇ ರೈತ): ಬ್ರ್ಯಾಂಡ್ ಅಂದ್ರೆ? ಚೀಲಕ್ಕೆ ತುಂಬಿ ಕೊಟ್ಟರೆ ತಪ್ಪಾ?

ಉತ್ತರ: ಚೀಲ ತಪ್ಪಲ್ಲ. ಚೀಲದ ಮೇಲೆ ‘ಇದು ಇಂಥ ಸಂರಕ್ಷಿತ ತಳಿ’ ಅಂತ ಲೇಬಲ್ ಹಚ್ಚಿದರೆ ಅದು ಬ್ರ್ಯಾಂಡ್ ಬೀಜ. ಖಾಲಿ ಚೀಲದಲ್ಲಿ ಅಳೆದು ಕೊಡಿ, ಸಾಕು.

ಪ್ರಶ್ನೆ (ಆಲೂಗಡ್ಡೆ ಬೆಳೆಗಾರ, ಹಾಸನ): ಸರ್, ಹಾಗಿದ್ದರೆ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಕೇಸ್ ಹೇಗೆ ಆಯ್ತು?

ಉತ್ತರ: ಇದನ್ನು ಎಲ್ಲರೂ ತಿಳಿದಿರಬೇಕು. ಚಿಪ್ಸ್‌ಗೆ ಬಳಸುವ ಎಫ್‌ಎಲ್ 2027 ತಳಿ ಬೆಳೆದರು ಅಂತ ಪೆಪ್ಸಿಕೋ 2019ರಲ್ಲಿ ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ನಾಲ್ವರಿಂದ ತಲಾ 1 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತ್ತು. ಮೂರ್ನಾಲ್ಕು ಎಕರೆಯವನ ಹತ್ತಿರ ಕೋಟಿ ಎಲ್ಲಿಂದ ಬರಬೇಕು? ದೇಶವೆಲ್ಲ ಸಿಟ್ಟಾಯಿತು, ಮೇ ತಿಂಗಳಲ್ಲಿ ಕಂಪನಿ ದಾವೆ ವಾಪಸ್ ಪಡೆಯಿತು. 2021ರ ಡಿಸೆಂಬರಿನಲ್ಲಿ ತಳಿ ಸಂರಕ್ಷಣಾ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದು ಮಾಡಿತು. 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿ ಹಿಡಿಯಿತು. ಆದರೆ 2024ರ ಜನವರಿಯಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರ ತೀರ್ಪು ಕೊಟ್ಟಿತು. ರೈತರ ಮೇಲೆ ದಾವೆ ಹೂಡಿದ ಮಾತ್ರಕ್ಕೆ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ ಆಗುವುದಿಲ್ಲ ಎಂದಿತು.

ನನಗೆ ಇದೇ ಚಿಂತೆ. 39ನೇ ಕಲಂ ಹಾಗೇ ಉಳಿದಿದೆ, ನಿಜ. ಆದರೆ ನೋಟಿಸ್ ಬಂದರೆ ಸಾಕು, ರೈತ ಬೀಜ ಉಳಿಸುವುದನ್ನೇ ಬಿಡುತ್ತಾನೆ. ಕೇಸ್ ಗೆಲ್ಲುವ ಮೊದಲೇ ಹಕ್ಕು ಹೋದ ಹಾಗೆ, ಅಲ್ವಾ? ಅದಕ್ಕೇ ಹೇಳುವುದು, ನೋಟಿಸ್ ಬಂದರೆ ಸುಮ್ನೆ ಹೆದರಿ ಕಂಪನಿಯವರು ತಂದ ಕಾಗದಕ್ಕೆ ಸಹಿ ಹಾಕಬೇಡಿ. ಮೊದಲು ವಕೀಲರಿಗೆ ತೋರಿಸಿ. ತಳಿಗೆ ನೋಂದಣಿ ಇದೆ ಅಂತ ಗೊತ್ತೇ ಇಲ್ಲದೆ ಬೆಳೆದ ರೈತನಿಗೆ 42ನೇ ಕಲಂ ರಕ್ಷಣೆ ಕೊಡುತ್ತದೆ, ಅದನ್ನೂ ನೆನಪಿಡಿ. ಆದರೆ ಕಂಪನಿ ಜೊತೆ ಕರಾರು ಮಾಡಿಕೊಂಡು ಬೆಳೆಯುತ್ತಿದ್ದರೆ ವಿಷಯ ಬೇರೆ. ಸಹಿ ಹಾಕುವ ಮೊದಲೇ ಕರಾರು ಓದಿಸಿ.

ಪ್ರಶ್ನೆ (ರಾಗಿ ಬೆಳೆಗಾರ್ತಿ, ತುಮಕೂರು): ಅಣ್ಣ, ನಮ್ಮ ಅಜ್ಜಿ ಕಾಲದ ರಾಗಿ ತಳಿ ಇದೆ. ನಾವೇ ನೋಂದಾಯಿಸಬಹುದಾ?

ಉತ್ತರ: ಖಂಡಿತ ತಂಗಿ. ಇದಕ್ಕೆ ‘ರೈತರ ತಳಿ’ ಎಂಬ ವಿಭಾಗವೇ ಇದೆ, ರೈತರಿಗೆ ಶುಲ್ಕ ಇಲ್ಲ. ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಅಥವಾ ಜಿಲ್ಲಾ ಕೃಷಿ ಅಧಿಕಾರಿ ಅರ್ಜಿಯನ್ನು ದೃಢೀಕರಿಸಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಊರಲ್ಲಿ ಇನ್ನೂ ಯಾರ್ಯಾರು ಆ ರಾಗಿ ಬೆಳೆಯುತ್ತಾರೋ ಅವರನ್ನೂ ಸೇರಿಸಿಕೊಂಡು ಅರ್ಜಿ ಹಾಕಿದರೆ ಇನ್ನೂ ಒಳ್ಳೆಯದು.