ಸಹಾಯ ಬೇಕು: ಸೂಜಿ ಟೆಸ್ಟ್ ಚೆನ್ನಾಗಿ ಬಂದಮೇಲೂ ಬಯಾಪ್ಸಿ ಬೇಕಾ?

ನಮ್ಮದು ಸೋಮವಾರಪೇಟೆ ಹತ್ತಿರ. ಅಕ್ಕನಿಗೆ 43 ವರ್ಷ. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಾಫಿ ಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಒತ್ತಿದರೆ ಆಚೀಚೆ ಜಾರುತ್ತದೆ. ಇಲ್ಲಿ ತೋರಿಸಿದಾಗ 'ಈ ವಯಸ್ಸಲ್ಲಿ ಹೀಗೆಲ್ಲ ಆಗುತ್ತೆ' ಅಂದು ಮಾತ್ರೆ ಕೊಟ್ಟರು. ಎರಡು ತಿಂಗಳು ಸುಮ್ನೆ ಹೋಯಿತು.

ಆಮೇಲೆ ಮೈಸೂರಲ್ಲಿ ಮ್ಯಾಮೊಗ್ರಾಮ್, ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟಲ್ಲಿ ಬೈರಾಡ್ಸ್ 4ಎ ಅಂತಿದೆ. ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ರಿಂದ 10 ಅಂತೆ. ಸಣ್ಣ ಸೂಜಿಯ ಎಫ್‌ಎನ್‌ಎಸಿಯಲ್ಲಿ ಫೈಬ್ರೊಅಡಿನೋಮಾ, ಅಪಾಯವಿಲ್ಲದ ಗಡ್ಡೆ ಅಂತ ಬಂತು. ಎಲ್ಲರೂ ಉಸಿರು ಬಿಟ್ಟೆವು. ಆದರೆ ಡಾಕ್ಟರು ಕೋರ್ ಬಯಾಪ್ಸಿ ಆಗಲೇಬೇಕು ಅನ್ನುತ್ತಿದ್ದಾರೆ. ಎಫ್‌ಎನ್‌ಎಸಿಯಲ್ಲಿ ಬಿಡಿ ಜೀವಕೋಶ ಮಾತ್ರ ಸಿಗುತ್ತದೆ, ಇದರಲ್ಲಿ ಗಡ್ಡೆಯ ತುಣುಕೇ ಬರುತ್ತದಂತೆ.

ಅತ್ತೆಗೆ 'ಚುಚ್ಚಿದರೆ ಹರಡುತ್ತೆ' ಅನ್ನೋ ಹಠ. ಹಾಗೇನಿಲ್ಲ ಅಂತ ಡಾಕ್ಟರು ಹೇಳಿದರೂ ಕೇಳಬೇಕಲ್ಲ! ಅಕ್ಕನದು ಇನ್ನೊಂದು, 'ಕಾಫಿ ಕುಯ್ಲು ಮುಗಿಯಲಿ' ಅಂತ.

ಎಫ್‌ಎನ್‌ಎಸಿ ಚೆನ್ನಾಗಿ ಬಂದು, ಆಮೇಲೂ ಕೋರ್ ಬಯಾಪ್ಸಿ ಮಾಡಿಸಿದವರು ಯಾರಾದರೂ ಇದ್ದೀರಾ? ರಿಸಲ್ಟ್ ಬದಲಾಯಿತಾ? ಕುಯ್ಲು ಮುಗಿಯಲು ಇನ್ನೂ ಒಂದೂವರೆ ತಿಂಗಳಿದೆ. ಅಷ್ಟು ದಿನ ಕಾಯಬಹುದಾ, ಇಲ್ಲಾ ಈ ವಾರವೇ ಹೊರಡಿಸಬೇಕಾ?