ಲಾಚ್ ಸ್ಪ್ರಿಂಗ್ ಕುಗ್ಗುತ್ತಿದೆ, ಕೆಲವು ಕೂತಲ್ಲೇ ಮುರಿಯುತ್ತಿವೆ: ತಂತಿ ದಪ್ಪ ಮಾಡಿದರೆ ಸಾಕೇ?

ಗುಂಡಿ_ಬೀಗ:
ಒತ್ತಿದರೆ ಲಾಕ್ ಆಗುವ ಲಾಚ್‌ಗೆ ಕಂಪ್ರೆಷನ್ ಸ್ಪ್ರಿಂಗ್. ಮ್ಯೂಸಿಕ್ ವೈರ್ (ಸ್ಪ್ರಿಂಗ್‌ಗೆ ಬಳಸುವ ಗಟ್ಟಿ ಇಂಗಾಲದ ಉಕ್ಕಿನ ತಂತಿ), ತಂತಿ 1.0 ಮಿ.ಮೀ., ಹೊರ ವ್ಯಾಸ 9, ಬಿಡಿ ಉದ್ದ 30, ಒಟ್ಟು 8 ಸುತ್ತು. ಎರಡೂ ತುದಿ ಮುಚ್ಚಿ ಗ್ರೈಂಡ್ ಮಾಡಿದ್ದು, ಮೇಲೆ ಎಲೆಕ್ಟ್ರೋಪ್ಲೇಟಿಂಗ್ ಜಿಂಕ್. ಲಾಚ್ ತೆರೆದಾಗ ಉದ್ದ 24, ಲಾಕ್ ಆದಾಗ 12. ಮಾಲು ಲಾಕ್ ಆದ ಸ್ಥಿತಿಯಲ್ಲೇ ದಾಸ್ತಾನಿನಲ್ಲಿರುತ್ತದೆ. ತೆಗೆದು ನೋಡಿದರೆ ಬಿಡಿ ಉದ್ದ 28ಕ್ಕೆ ಇಳಿದಿದೆ. ಕೆಲವಂತೂ ಯಾರೂ ಮುಟ್ಟದೆಯೇ ಪೆಟ್ಟಿಗೆಯೊಳಗೆ ತುಂಡಾಗಿವೆ. ತಂತಿ 1.1 ಮಾಡೋಣವೇ? ಬೇಕಾದ ಬಲ: ತೆರೆದಾಗ ಕನಿಷ್ಠ 20 ನ್ಯೂಟನ್, ಲಾಕ್ ಆದಾಗ 50 ಮೀರಬಾರದು.

ಸುರುಳಿ_ಲೆಕ್ಕ:
ಬೇಡ, ಇನ್ನೂ ಕೆಡುತ್ತದೆ. ಮೊದಲು ಈಗಿನ ಸ್ಪ್ರಿಂಗ್ ಲೆಕ್ಕ ನೋಡಿ. ಸರಾಸರಿ ವ್ಯಾಸ 8, ಮುಚ್ಚಿದ ಎರಡು ತುದಿ ಸುತ್ತು ಬಿಟ್ಟರೆ ಕೆಲಸ ಮಾಡುವ ಸುತ್ತು 6. ಜಿ ಮೌಲ್ಯ (ತಿರುಚುವಿಕೆಗೆ ಲೋಹ ಒಡ್ಡುವ ಬಿಗಿತ) 80 ಗಿಗಾಪಾಸ್ಕಲ್ ಹಿಡಿದರೆ ರೇಟ್, ಅಂದರೆ ಒಂದು ಮಿ.ಮೀ. ಅದುಮಲು ಬೇಕಾದ ಬಲ, ಸುಮಾರು 3.26 ನ್ಯೂಟನ್ ಪ್ರತಿ ಮಿ.ಮೀ. ಲಾಕ್ ಆದಾಗ 18 ಮಿ.ಮೀ. ಅದುಮಿರುತ್ತದೆ, ಅಂದರೆ 58–59 ನ್ಯೂಟನ್. ನಿಮ್ಮ 50ರ ಮಿತಿ ಅಲ್ಲೇ ದಾಟಿತು. ಸುತ್ತಿನ ಒಳಬದಿಯಲ್ಲಿ ಹೆಚ್ಚುವ ಒತ್ತಡವನ್ನು ಲೆಕ್ಕಕ್ಕೆ ತರುವ ವಾಲ್ ತಿದ್ದುಪಡಿ ಸೇರಿಸಿದರೆ ತಂತಿಯ ಮೇಲಿನ ಒತ್ತಡ ಸುಮಾರು 1410 ಮೆಗಾಪಾಸ್ಕಲ್.

1 ಮಿ.ಮೀ. ಮ್ಯೂಸಿಕ್ ವೈರ್‌ನ ಟೆನ್ಸೈಲ್ ಬಲ (ಎಳೆದಾಗ ತುಂಡಾಗುವ ಮಿತಿ) ಸುಮಾರು 2200 ಮೆಗಾಪಾಸ್ಕಲ್. ಅದರ ಶೇ 64ರಲ್ಲಿ ನಿಮ್ಮ ಸ್ಪ್ರಿಂಗ್ ದಿನಗಟ್ಟಲೆ ನಿಂತಿದೆ. ಪ್ರೀಸೆಟ್ ಮಾಡದ (ತಯಾರಿಸುವಾಗಲೇ ಪೂರ್ತಿ ಅದುಮಿ ಕುಗ್ಗಿಸಿಡದ) ಸ್ಪ್ರಿಂಗ್‌ಗೆ ಶೇ 45 ಸುರಕ್ಷಿತ ಮಿತಿ. ಕುಗ್ಗದೆ ಇದ್ದಿದ್ದರೇ ಆಶ್ಚರ್ಯ.

ಇನ್ನು ದಪ್ಪ ತಂತಿಯ ವಿಷಯ. ರೇಟ್ ತಂತಿ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. ನಿಮ್ಮ ಲಾಚ್‌ನಲ್ಲಿ ಅದುಮುವ ದೂರ ನಿಗದಿ, ಆದ್ದರಿಂದ ಬಲವೂ ಅಷ್ಟೇ ಏರುತ್ತದೆ. ಅದೇ ಜಾಗದಲ್ಲಿ 1.1 ಹಾಕಿದರೆ ಲಾಕ್ ಬಲ 86 ನ್ಯೂಟನ್, ಒತ್ತಡ ಸುಮಾರು 1580. ಬಲ ನಿಗದಿಯಾಗಿದ್ದರೆ ದಪ್ಪ ತಂತಿ ಒತ್ತಡ ಇಳಿಸುತ್ತದೆ, ದೂರ ನಿಗದಿಯಾಗಿದ್ದರೆ ಏರಿಸುತ್ತದೆ. ಇದನ್ನು ಮರೆತೇ ಹೆಚ್ಚಿನವರು ಎಡವುವುದು.

ಹಳೇ_ಲೇತ್:
ಹಾಗಾದರೆ 302 ಸ್ಟೇನ್‌ಲೆಸ್ ಹಾಕಿದರೆ ಆಗದೇ? ಪ್ಲೇಟಿಂಗ್ ಕಾಟವೂ ತಪ್ಪುತ್ತದೆ.

ಸುರುಳಿ_ಲೆಕ್ಕ:
ಪ್ಲೇಟಿಂಗ್ ತಪ್ಪುವುದು ನಿಜ. ಆದರೆ ಸ್ಟೇನ್‌ಲೆಸ್‌ನ ಜಿ ಮೌಲ್ಯ 69 ಆಸುಪಾಸು, ಒತ್ತಡ 1220ಕ್ಕೆ ಇಳಿದರೂ ತಂತಿಯ ಬಲವೂ 1870ರಷ್ಟೇ. ಮತ್ತೆ ಶೇ 65. ಅದಕ್ಕೆ ಮಿತಿಯೋ ಶೇ 35. ಈ ಅಳತೆಯಲ್ಲಿ ಪ್ರಯೋಜನವಿಲ್ಲ ಸರ್.

ಲೇಪನ_ತಜ್ಞ:
ಪೆಟ್ಟಿಗೆಯಲ್ಲೇ ಮುರಿದದ್ದು ಬೇರೆ ರೋಗ. ಹತ್ತಾರು ಸಾವಿರ ಬಾರಿ ಅದುಮಿ ಬಿಟ್ಟು ಮುರಿದಿದ್ದರೆ ಆಯಾಸ ಎನ್ನಬಹುದಿತ್ತು. ಆ ಬಿರುಕು ಸಾಮಾನ್ಯವಾಗಿ ಸುತ್ತಿನ ಒಳಬದಿಯಿಂದ ಶುರುವಾಗುತ್ತದೆ. ನಿಂತ ಹೊರೆಯಲ್ಲಿ ತಡವಾಗಿ ಮುರಿಯುವುದೆಂದರೆ ಮೊದಲ ಅನುಮಾನ ಹೈಡ್ರೋಜನ್ ಮೇಲೆ. ಆಸಿಡ್ ಪಿಕ್ಲಿಂಗ್ (ಆಮ್ಲದಲ್ಲಿ ಅದ್ದಿ ಶುಚಿ ಮಾಡುವುದು) ಮತ್ತು ಜಿಂಕ್ ತೊಟ್ಟಿ ಎರಡರಲ್ಲೂ ಅದು ಉಕ್ಕಿನೊಳಗೆ ಸೇರಿ ಪೆಡಸು ಮಾಡುತ್ತದೆ. ತಂತಿ ಗಟ್ಟಿಯಾದಷ್ಟೂ, ಒತ್ತಡ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಪರೀಕ್ಷೆ ಸುಲಭ. ಒಂದೇ ಬ್ಯಾಚಿನ ಪ್ಲೇಟಿಂಗ್ ಆದ 20, ಆಗದ 20 ಸ್ಪ್ರಿಂಗ್ ತೆಗೆದುಕೊಂಡು ಬೋಲ್ಟ್‌ನಲ್ಲಿ 12 ಮಿ.ಮೀ.ಗೆ ಬಿಗಿದು ಎರಡು ವಾರ ಇಡಿ. ಕನ್ನಡಕ ಹಾಕಿಕೊಳ್ಳಿ, ತುಂಡು ಹಾರುತ್ತದೆ. ಪ್ಲೇಟಿಂಗ್ ಆದವು ಮಾತ್ರ ಮುರಿದರೆ ಉತ್ತರ ಸಿಕ್ಕಿತು.

ಪರಿಹಾರ: ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ ಹೈಡ್ರೋಜನ್ ಹೊರಹೋಗಲು 190–220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕಿಂಗ್. 8 ಗಂಟೆಗಿಂತ ಕಡಿಮೆ ಬೇಡ, ಇಷ್ಟು ಗಟ್ಟಿ ತಂತಿಗೆ 24 ಗಂಟೆವರೆಗೂ ಮಾಡುತ್ತಾರೆ. ಜಿಂಕ್ ಮೇಲಿನ ರಕ್ಷಣಾ ಪದರವಾದ ಕ್ರೋಮೇಟ್ ಕೊಡುವುದು ಬೇಕಿಂಗ್ ಆದ ಮೇಲೆ, ಮುಂಚೆ ಅಲ್ಲ. ಬಿರುಕು ಬಿಟ್ಟದ್ದನ್ನು ಮತ್ತೆ ಬೇಯಿಸಿದರೆ ವಾಸಿಯಾಗುವುದಿಲ್ಲ, ಆ ದಾಸ್ತಾನು ಗುಜರಿಗೇ. ನನ್ನ ಮತ ಕೇಳಿದರೆ ಈ ತಂತಿಗೆ ಎಲೆಕ್ಟ್ರೋಪ್ಲೇಟಿಂಗೇ ಬೇಡ. ಜಿಂಕ್ ಫ್ಲೇಕ್ (ವಿದ್ಯುತ್ ಬಳಸದೆ ಬಣ್ಣದಂತೆ ಹಚ್ಚುವ ಸತುವಿನ ಚಕ್ಕೆ) ಲೇಪನ ಕೊಡಿಸಿ, ಒಣ ಜಾಗದಲ್ಲಾದರೆ ಬರೀ ಎಣ್ಣೆ ಸಾಕು.

ಗುಂಡಿ_ಬೀಗ:
ಮೋಲ್ಡ್ ತಿದ್ದಿಸಿದರೆ ಸ್ಪ್ರಿಂಗ್ ಕೂರುವ ರಂಧ್ರ 10ರಿಂದ 13 ಮಿ.ಮೀ. ಆಗಬಹುದು. ಆಳ ಬದಲಾಗದು. ಉಪಯೋಗವಿದೆಯೇ?

ಸುರುಳಿ_ಲೆಕ್ಕ:
ಅದೇ ಬೇಕಿತ್ತು. ಹಳೆಯ ವ್ಯಾಸದಲ್ಲೇ ಸುತ್ತು ಹೆಚ್ಚಿಸಿ ರೇಟ್ ಇಳಿಸಿದರೆ ಒತ್ತಡ ಹತೋಟಿಗೆ ಬರುತ್ತದೆ, ಆದರೆ ಸುತ್ತುಗಳು ಒಂದಕ್ಕೊಂದು ತಾಗಿದಾಗಿನ ಉದ್ದ 13.7 ಮಿ.ಮೀ. ಆಗಿ 12ರೊಳಗೆ ಹಿಡಿಸುವುದೇ ಇಲ್ಲ. ಅಗಲ ಸಿಕ್ಕರೆ ಹೀಗೆ ಮಾಡಿ: ತಂತಿ 1.1, ಸರಾಸರಿ ವ್ಯಾಸ 11, ಕೆಲಸದ ಸುತ್ತು 6.6, ಒಟ್ಟು 8.6, ಬಿಡಿ ಉದ್ದ 36. ರೇಟ್ 1.67. ತೆರೆದಾಗ 20 ನ್ಯೂಟನ್, ಲಾಕ್ ಆದಾಗ 40. ಒತ್ತಡ ಸುಮಾರು 965, ಅಂದರೆ ಶೇ 44. ಪೂರ್ತಿ ಮುಚ್ಚಿದ ಉದ್ದ 9.5, ಹಾಗಾಗಿ 2.5 ಮಿ.ಮೀ. ಉಳಿಕೆ ಇರುತ್ತದೆ. ಹೊರ ವ್ಯಾಸ 12.1, ಅದುಮಿದಾಗ 0.1ರಷ್ಟು ಹಿಗ್ಗಿದರೂ 13ರಲ್ಲಿ ಉಜ್ಜುವುದಿಲ್ಲ. ಉದ್ದ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆ, ಬಾಗುವ ಭಯವೂ ಇಲ್ಲ.

ನಿಮ್ಮ ಕನಿಷ್ಠ 20ಕ್ಕೆ ಅಂಚಿನಲ್ಲಿದೆ, ಅದಕ್ಕೆ ಆರ್ಡರ್ ಕೊಡುವಾಗ 22 ನ್ಯೂಟನ್ ಕೇಳಿ, ಬಿಡಿ ಉದ್ದ 1 ಮಿ.ಮೀ.ಯಷ್ಟು ಏರುತ್ತದೆ. ಆಗ ಒತ್ತಡ ಶೇ 45 ದಾಟುತ್ತದೆ, ಆದ್ದರಿಂದ ಪ್ರೀಸೆಟ್ ಕಡ್ಡಾಯ: ಉದ್ದ ಸುತ್ತಿ, ಪೂರ್ತಿ ಮುಚ್ಚುವವರೆಗೆ ಮೂರು ಸಲ ಅದುಮಿ, ಆಮೇಲೆ ಅಳೆಯುವುದು. ಸುತ್ತಿದ ತಕ್ಷಣ 230–250 ಡಿಗ್ರಿಯಲ್ಲಿ ಅರ್ಧ ಗಂಟೆ ಸ್ಟ್ರೆಸ್ ರಿಲೀವ್ (ಸುತ್ತುವಾಗ ಉಳಿದ ಒಳಒತ್ತಡ ಕಾಯಿಸಿ ತೆಗೆಯುವುದು) ಆಗಿರಬೇಕು. ಆಗ ವ್ಯಾಸ ತುಸು ಕುಗ್ಗುತ್ತದೆ, ಸುತ್ತುವವರಿಗೆ ಗೊತ್ತಿರುತ್ತದೆ.

ಡ್ರಾಯಿಂಗ್‌ನಲ್ಲಿ 24 ಮತ್ತು 12 ಮಿ.ಮೀ. ಉದ್ದದಲ್ಲಿ ಬೇಕಾದ ಬಲವನ್ನು ಶೇ 9 ಹೆಚ್ಚುಕಡಿಮೆಯೊಂದಿಗೆ ಬರೆಯಿರಿ, ರಂಧ್ರದ ವ್ಯಾಸ ಬರೆಯಿರಿ. ಬಿಡಿ ಉದ್ದ, ಸುತ್ತಿನ ಸಂಖ್ಯೆ ಉಲ್ಲೇಖಕ್ಕೆ ಮಾತ್ರ ಎಂದು ನಮೂದಿಸಿ. ಎಲ್ಲಕ್ಕೂ ಟಾಲರೆನ್ಸ್ ಕೊಟ್ಟು ಕಟ್ಟಿಹಾಕಿದರೆ ತಂತಿಯ ವ್ಯಾಸದಲ್ಲಿನ 0.01 ವ್ಯತ್ಯಾಸವನ್ನೂ ಸರಿದೂಗಿಸಲು ಅವರಿಗೆ ದಾರಿ ಉಳಿಯುವುದಿಲ್ಲ; 1.1ರ ತಂತಿಯಲ್ಲಿ ಅಷ್ಟಕ್ಕೇ ರೇಟ್ ಸುಮಾರು ಶೇ 3.7 ಬದಲಾಗುತ್ತದೆ.