ನ್ಯೂ ಫಾರೆಸ್ಟ್‌ನ ಓಕ್ ಕಾಡಿನಲ್ಲಿ ಶರತ್ಕಾಲ: ಏನನ್ನು ಗಮನಿಸಬೇಕು?

ಪ್ರಶ್ನೆ:
ನಮಸ್ಕಾರ. ನಾವು ಈಚೆಗೆ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಬಂದು ನೆಲೆಸಿದ್ದೇವೆ. ಅಕ್ಟೋಬರ್ ಕೊನೆಯ ಶಾಲಾ ರಜೆಯಲ್ಲಿ ನ್ಯೂ ಫಾರೆಸ್ಟ್‌ನ ಓಕ್ ಕಾಡನ್ನೂ ತೊರೆಯ ದಂಡೆಗಳನ್ನೂ ಮಕ್ಕಳಿಗೆ ನಿಧಾನವಾಗಿ ತೋರಿಸಬೇಕೆಂದಿದ್ದೇವೆ. ಮಲೆನಾಡಿನ ಕಾಡುಗಳಲ್ಲಿ ತಿರುಗಿದ ಅಭ್ಯಾಸವಿದ್ದರೂ, ಎಲೆ ಉದುರುವ ಈ ಕಾಡಿನಲ್ಲಿ ಬಣ್ಣವನ್ನು ಬಿಟ್ಟು ಏನನ್ನು ನೋಡಬೇಕೆಂದು ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:
ಓಕ್ ಮರದ ಕಾಯಿಯಿಂದಲೇ ಆರಂಭಿಸಿ. ಈ ಕಾಲದಲ್ಲಿ ಕಾಡಿನ ಓಡಾಟಕ್ಕೆಲ್ಲ ಬಹುಮಟ್ಟಿಗೆ ಅದೇ ಕಾರಣ. ಕಾಯಿ ಉದ್ದ ತೊಟ್ಟಿನಲ್ಲಿ ತೂಗುತ್ತಿದ್ದರೆ ಅದು ಇಂಗ್ಲಿಷ್ ಓಕ್, ರೆಂಬೆಗೇ ಅಂಟಿಕೊಂಡಂತಿದ್ದರೆ ಸೆಸೈಲ್ ಓಕ್. ಮರದಡಿಯಲ್ಲಿ ಸದ್ದಿಲ್ಲದೆ ನಿಂತರೆ, ಕರ್ಕಶವಾಗಿ ಕೂಗುವ, ರೆಕ್ಕೆಯಲ್ಲಿ ನೀಲಿ ಪಟ್ಟಿಯುಳ್ಳ ಜೇ ಹಕ್ಕಿ ಕಾಣಿಸುವ ಸಾಧ್ಯತೆ ಹೆಚ್ಚು. ಕಾಗೆಯ ಕುಟುಂಬಕ್ಕೆ ಸೇರಿದ ಈ ಹಕ್ಕಿ ಒಂದೇ ಋತುವಿನಲ್ಲಿ ಸಾವಿರಾರು ಕಾಯಿಗಳನ್ನು ಚಳಿಗಾಲಕ್ಕೆಂದು ನೆಲದಲ್ಲಿ ಹೂತಿಡುತ್ತದೆ; ಅದು ತಿನ್ನದೆ ಉಳಿಸಿದ ಕಾಯಿಗಳು ತಾಯಿಮರದ ನೆರಳಿನಿಂದ ಬಹುದೂರದಲ್ಲಿ ಮೊಳೆಯುವುದರಿಂದ, ಓಕ್ ಹರಡುವುದರಲ್ಲಿ ಇದರ ಪಾಲು ಬಹಳ ದೊಡ್ಡದು.

ದಾರಿಯಲ್ಲಿ ಸಾಕುಹಂದಿಗಳು ಎದುರಾದರೆ ಆಶ್ಚರ್ಯಪಡಬೇಡಿ. ಹಸಿರು ಓಕ್ ಕಾಯಿಗಳನ್ನು ಹೆಚ್ಚಾಗಿ ತಿಂದರೆ ಅಲ್ಲಿ ಮೇಯುವ ಕುದುರೆಗಳಿಗೂ ದನಗಳಿಗೂ ವಿಷವಾಗುತ್ತದೆ. ಆದ್ದರಿಂದ ಅವನ್ನು ತಿಂದು ಮುಗಿಸಲೆಂದು, ಮೇವಿನ ಹಕ್ಕುಳ್ಳ ಸ್ಥಳೀಯರು ‘ಪ್ಯಾನೇಜ್’ ಎಂಬ ಪುರಾತನ ಪದ್ಧತಿಯಂತೆ ಪ್ರತಿ ಶರತ್ಕಾಲದಲ್ಲಿ ಕನಿಷ್ಠ 60 ದಿನ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. 1079ರ ಸುಮಾರಿಗೆ ದೊರೆ ಒಂದನೆಯ ವಿಲಿಯಂ ತನ್ನ ಬೇಟೆಗೆಂದು ಕಾದಿರಿಸಿದ ಕಾಡಿನಲ್ಲಿ ಜನರ ಇಂತಹ ಹಕ್ಕು ಇಂದಿಗೂ ಉಳಿದಿರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ಇನ್ನೊಂದು ಉತ್ತರ:
ತೊರೆಯ ದಂಡೆಯನ್ನು ತಪ್ಪಿಸಬೇಡಿ. ಬ್ರಾಕನ್‌ಹರ್ಸ್ಟ್ ಕಡೆಗೆ ಹರಿಯುವ ಹೈಲ್ಯಾಂಡ್ ವಾಟರ್ ತೊರೆಯ ಜೌಗಿನಲ್ಲಿ ಆಲ್ಡರ್ ಮರಗಳಿವೆ. ಅವುಗಳ ಎಲೆ ಹಳದಿಯಾಗದೆ ಹಸಿರಾಗಿಯೇ ಉದುರುತ್ತದೆ. ನಮ್ಮ ಹೊಂಗೆಯ ಬೇರಿನಲ್ಲಿರುವಂತೆ ಇದರ ಬೇರುಗಂಟುಗಳಲ್ಲಿಯೂ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾಗಳಿರುವುದರಿಂದ, ಎಲೆಯಲ್ಲಿರುವ ಸಾರಜನಕವನ್ನು ಹಿಂದಕ್ಕೆ ಹೀರಿಕೊಳ್ಳುವ ಅಗತ್ಯ ಈ ಮರಕ್ಕೆ ಅಷ್ಟಾಗಿ ಇಲ್ಲ. ಕೊಂಬೆಗಳ ಕಪ್ಪು ಪುಟ್ಟ ಕಾಯಿಗಳಿಗೆ ತಲೆಕೆಳಗಾಗಿ ಜೋತುಬಿದ್ದು ಬೀಜ ಹೆಕ್ಕುವ ಸಿಸ್ಕಿನ್ ಹಕ್ಕಿಗಳ ಗುಂಪನ್ನೂ ಹುಡುಕಿ.

ಅಕ್ಟೋಬರ್ ಫ್ಯಾಲೋ ಜಿಂಕೆಗಳ ಬೆದೆಗಾಲ. ಗಂಡಿನ ಗೊರಕೆಯಂತಹ ಕೂಗು ಕೇಳಿಸಿದರೆ ಹತ್ತಿರ ಹೋಗದೆ, ದೂರದಿಂದಲೇ ದುರ್ಬೀನಿನಲ್ಲಿ ನೋಡಿ. ಬೋಲ್ಡರ್‌ವುಡ್‌ನಲ್ಲಿ ಜಿಂಕೆ ನೋಡಲೆಂದೇ ಕಟ್ಟಿದ ವೇದಿಕೆಯಿದ್ದು, ಮಕ್ಕಳಿಗೆ ಅದೇ ಅನುಕೂಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಣಬೆಗಳನ್ನು ಕಿತ್ತು ತರಬಹುದೇ?

ಉತ್ತರ:
ದಯವಿಟ್ಟು ಬೇಡ. ಕಾಡನ್ನು ನೋಡಿಕೊಳ್ಳುವ ಫಾರೆಸ್ಟ್ರಿ ಇಂಗ್ಲೆಂಡ್ ಸಂಸ್ಥೆಯೇ ಕೀಳಬೇಡಿರೆಂದು ಕೇಳಿಕೊಳ್ಳುತ್ತದೆ. ಅಲ್ಲದೆ, ಪ್ರಾಣವನ್ನೇ ತೆಗೆಯುವ ಡೆತ್ ಕ್ಯಾಪ್ ಅಣಬೆ ಓಕ್ ಮರಗಳ ಬುಡದಲ್ಲಿಯೇ ಬೆಳೆಯುತ್ತದೆ. ತಿಳಿ ಹಸಿರಿನ ಅದರ ಟೋಪಿ ನೋಡಲು ಸಾಧುವಾಗಿಯೇ ಇರುತ್ತದೆ. ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಗಳಿರುವ ಫ್ಲೈ ಅಗಾರಿಕ್ ಬರ್ಚ್ ಮರಗಳ ಬಳಿ ಸಿಗುತ್ತದೆ, ಫೋಟೋ ತೆಗೆದುಕೊಳ್ಳಿ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಐದು ಗಂಟೆಗೂ ಮೊದಲೇ ಸೂರ್ಯ ಮುಳುಗುವುದರಿಂದ, ಬೆಳಿಗ್ಗೆ ಬೇಗನೆ ಹೊರಡಿ.